ಗ್ರಾಮ ಪಂಚಾಯತಿಯ ಅಂತರ್ಜಾಲ ಸಂಪರ್ಕ: ಯಾವ ಕೆಲಸಕ್ಕೆ ಯಾವ ದಾರಿ ಎಂಬುದನ್ನು ನಿರ್ಧರಿಸುವ ಬಗೆ

(ಅಫಜಲಪುರ ತಾಲೂಕಿನ ಗ್ರಾಮ ಪಂಚಾಯತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಾಠ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಇಂದು ನನಗೆ ಒಪ್ಪಿಸಿರುವ ವಿಷಯದ ಹೆಸರು ‘ಪಾಲಿಸಿ ಬೇಸ್ಡ್ ರೂಟಿಂಗ್’. ಕನ್ನಡದಲ್ಲಿ ಇದನ್ನು ನೀತಿ ಆಧಾರಿತ ಮಾರ್ಗ ನಿರ್ಣಯ ಎನ್ನಬಹುದು. ಈ ಹೆಸರನ್ನು ಕೇಳಿದೊಡನೆ ‘ಇದು ಎಂಜಿನಿಯರರ ಕೆಲಸ, ಇದರಲ್ಲಿ ನಮಗೇನು?’ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಈ ಹೆಸರಿನಲ್ಲಿ ಎರಡು ಮಾತುಗಳಿವೆ: ಒಂದು ನೀತಿ, ಇನ್ನೊಂದು ಮಾರ್ಗ. ಮಾರ್ಗವನ್ನು ಯಂತ್ರದಲ್ಲಿ ಬರೆಯುವುದು ತಂತ್ರಜ್ಞನ ಕೆಲಸ. ನೀತಿಯನ್ನು ನಿರ್ಧರಿಸುವುದು ಮಾತ್ರ ಚುನಾಯಿತ ಸದಸ್ಯರಾದ ತಮ್ಮ ಕೆಲಸ. ತಾವು ನಿರ್ಧರಿಸದಿದ್ದರೆ ಅದು ನಿರ್ಧಾರವಾಗದೆ ಉಳಿಯುವುದಿಲ್ಲ. ಯಂತ್ರವೋ ಅದನ್ನು ಕೂಡಿಸಲು ಬಂದ ಯಾರೋ ಒಬ್ಬರೋ ತಮ್ಮ ಪರವಾಗಿ ನಿರ್ಧರಿಸಿಬಿಡುತ್ತಾರೆ. ಈ ಉಪನ್ಯಾಸದ ಸಾರ ಇಷ್ಟೇ. ಉಳಿದದ್ದು ಇದರ ವಿವರಣೆ.

ಪಂಚಾಯತಿ ಕಚೇರಿಗೆ ಬರುವ ಎರಡು ದಾರಿಗಳು

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಂತಿಯ ಮೂಲಕ ಸಂಪರ್ಕ ಕೊಡುವ ಯೋಜನೆಗೆ ಕೇಂದ್ರ ಸರ್ಕಾರವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಮೊದಲು ‘ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ’ ಎಂದಿದ್ದ ಈ ಯೋಜನೆ ಮುಂದೆ ‘ಭಾರತ್‌ನೆಟ್’ ಎಂಬ ಹೆಸರು ಪಡೆಯಿತು. ಪ್ರತಿ ಪಂಚಾಯತಿಗೆ ಕನಿಷ್ಠ 100 ಎಂಬಿಪಿಎಸ್ ವೇಗ ಒದಗಿಸುವುದು ಅದರ ಗುರಿಯಾಗಿತ್ತು. ಕಚೇರಿಯ ಗೋಡೆಯ ಮೇಲೆ ಸಣ್ಣ ದೀಪಗಳು ಮಿನುಗುವ ಒಂದು ಪೆಟ್ಟಿಗೆಯನ್ನು ತಾವು ನೋಡಿರುತ್ತೀರಿ. ಫೈಬರ್ ತಂತಿ ಬಂದು ಮುಗಿಯುವ ಆ ಪೆಟ್ಟಿಗೆಯನ್ನು ತಂತ್ರಜ್ಞರು ಓಎನ್‌ಟಿ ಎಂದು ಕರೆಯುತ್ತಾರೆ.

ಫೈಬರ್ ಕಡಿದಾಗ ಕೆಲಸ ನಿಲ್ಲಬಾರದೆಂದು ಎಷ್ಟೋ ಕಚೇರಿಗಳಲ್ಲಿ ಎರಡನೆಯ ಸಂಪರ್ಕವನ್ನೂ ಇಟ್ಟುಕೊಳ್ಳಲಾಗುತ್ತದೆ. ಅದು ಖಾಸಗಿ ಬ್ರಾಡ್‌ಬ್ಯಾಂಡ್ ಇರಬಹುದು, ಮೊಬೈಲ್ ಸಿಮ್ ಹಾಕಿದ ರೂಟರ್ ಇರಬಹುದು. ಹೀಗೆ ಒಂದು ಕಟ್ಟಡಕ್ಕೆ ಎರಡು ದಾರಿಗಳು ಆಗುತ್ತವೆ.

ಈ ದಾರಿಗಳನ್ನು ಬಳಸುವವರು ಯಾರು? ಮೊದಲನೆಯದು ಕಚೇರಿ. ಪಂಚತಂತ್ರ ತಂತ್ರಾಂಶ, ಇ-ಸ್ವತ್ತಿನ ನಮೂನೆ-9 ಮತ್ತು ನಮೂನೆ-11, ಉದ್ಯೋಗ ಖಾತರಿ ಕೂಲಿಕಾರರ ಹಾಜರಿ ಪಟ್ಟಿ, ಹಣ ಪಾವತಿ ಇವೆಲ್ಲವೂ ಇಲ್ಲಿಂದಲೇ ನಡೆಯುತ್ತವೆ. ಎರಡನೆಯದು 2016ರಲ್ಲಿ ಆರಂಭವಾದ ಬಾಪೂಜಿ ಸೇವಾ ಕೇಂದ್ರ. ಅಲ್ಲಿ ಅರ್ಜಿ ಹಿಡಿದು ಜನ ಸಾಲಿನಲ್ಲಿ ನಿಂತಿರುತ್ತಾರೆ. ಮೂರನೆಯದು ಅರಿವು ಕೇಂದ್ರ, ಅಂದರೆ ನಮ್ಮ ಗ್ರಂಥಾಲಯ. ಅಲ್ಲಿ ಮಕ್ಕಳು ಗಣಕಯಂತ್ರದಲ್ಲಿ ಪಾಠದ ವಿಡಿಯೋ ನೋಡುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ಅಭ್ಯಾಸ ಪರೀಕ್ಷೆ ಬರೆಯುತ್ತಾರೆ. ನಾಲ್ಕನೆಯದು ಎಲ್ಲಿ ಇದೆಯೋ ಅಲ್ಲಿ ಸಾರ್ವಜನಿಕ ವೈ-ಫೈ.

ಈ ನಾಲ್ಕರಲ್ಲಿ ಯಾವುದೂ ಬೇಡವಾದದ್ದಲ್ಲ. ಕಷ್ಟ ಬರುವುದು ನಾಲ್ಕೂ ಒಂದೇ ತಂತಿಯ ಮೇಲೆ ಏಕಕಾಲಕ್ಕೆ ಹೊರಟಾಗ. ಹೊರಗಿನ ಕಟ್ಟೆಯ ಮೇಲೆ ಕುಳಿತ ಹತ್ತು ಮಂದಿ ಸಿನಿಮಾ ನೋಡುತ್ತಿದ್ದರೆ, ಒಳಗೆ ಆಪರೇಟರ್ ಎದುರು ಒಂದು ನಮೂನೆ ಅರ್ಧ ಗಂಟೆ ತಿರುಗುತ್ತಲೇ ಇರುತ್ತದೆ. ಪಕ್ಕದ ಎರಡನೆಯ ಸಂಪರ್ಕ ಮಾತ್ರ ಆ ಹೊತ್ತಿನಲ್ಲಿ ಸುಮ್ಮನೆ ಖಾಲಿ ಇರುತ್ತದೆ. ಬಾಡಿಗೆ ಎರಡಕ್ಕೂ ಕಟ್ಟುತ್ತೇವೆ, ಕೆಲಸ ಒಂದರಿಂದ ಮಾತ್ರ ನಡೆಯುತ್ತದೆ.

ಸಾಮಾನ್ಯ ಮಾರ್ಗ ನಿರ್ಣಯ ಮತ್ತು ನೀತಿ ಆಧಾರಿತ ಮಾರ್ಗ ನಿರ್ಣಯ

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ರೂಟರ್ ಹೇಗೆ ಯೋಚಿಸುತ್ತದೆ ಎಂದು ನೋಡೋಣ. ಅಂತರ್ಜಾಲದಲ್ಲಿ ಹೋಗುವ ಪ್ರತಿಯೊಂದು ಮಾಹಿತಿಯೂ ಸಣ್ಣ ಸಣ್ಣ ಲಕೋಟೆಗಳಾಗಿ ಹೋಗುತ್ತದೆ. ತಂತ್ರಜ್ಞರು ಇದನ್ನು ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಪ್ಯಾಕೆಟಿನ ಮೇಲೆ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಇರುತ್ತವೆ. ಸಾಮಾನ್ಯ ಮಾರ್ಗ ನಿರ್ಣಯದಲ್ಲಿ ರೂಟರ್ ನೋಡುವುದು ತಲುಪಬೇಕಾದ ವಿಳಾಸವನ್ನು ಮಾತ್ರ. ‘ಎಲ್ಲಿಗೆ?’ ಎಂದು ಕೇಳುತ್ತದೆ, ‘ಯಾರು?’ ಎಂದು ಕೇಳುವುದಿಲ್ಲ. ಹೊರಗೆ ಹೋಗುವುದೆಲ್ಲಕ್ಕೂ ಒಂದೇ ಮುಖ್ಯ ದಾರಿಯನ್ನು ಬರೆದಿಟ್ಟಿರುವುದರಿಂದ ಎಲ್ಲವೂ ಅದೇ ದಾರಿ ಹಿಡಿಯುತ್ತವೆ.

ಚವಡಾಪುರ ಕ್ರಾಸನ್ನು ನೆನಪಿಸಿಕೊಳ್ಳಿ. ರಸ್ತೆ ಬದಿಯ ಫಲಕ ಗಾಣಗಾಪುರಕ್ಕೆ ಹೀಗೆ, ಅಫಜಲಪುರಕ್ಕೆ ಹೀಗೆ ಎಂದು ಬಾಣ ತೋರಿಸುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಬಂದರೂ, ಅಂಬುಲೆನ್ಸ್ ಬಂದರೂ ಫಲಕ ಹೇಳುವುದು ಒಂದೇ ಮಾತು. ಉಳಿದ ದಿನಗಳಲ್ಲಿ ಅಷ್ಟು ಸಾಕು. ದತ್ತ ಜಯಂತಿಯಂತಹ ದಿನಗಳಲ್ಲಿ ಗಾಣಗಾಪುರಕ್ಕೆ ಜನಸಾಗರ ಹರಿದು ಬರುವಾಗ ಫಲಕ ಸಾಲದು, ಅಲ್ಲಿ ಒಬ್ಬ ಪೊಲೀಸ್ ನಿಲ್ಲಬೇಕಾಗುತ್ತದೆ. ಆತ ಗಾಡಿ ಎಲ್ಲಿಗೆ ಹೊರಟಿದೆ ಎಂಬುದರ ಜೊತೆಗೆ ಅದು ಯಾವ ಗಾಡಿ, ಏನು ಹೊತ್ತಿದೆ ಎಂಬುದನ್ನೂ ನೋಡುತ್ತಾನೆ. ಅಂಬುಲೆನ್ಸನ್ನು ನೇರ ಬಿಡುತ್ತಾನೆ, ಭಾರದ ಲಾರಿಯನ್ನು ಸುತ್ತು ದಾರಿಗೆ ಕಳುಹಿಸುತ್ತಾನೆ. ಎಲ್ಲರೂ ಹೋಗುವುದು ಒಂದೇ ಊರಿಗೆ, ಆದರೆ ದಾರಿಗಳು ಬೇರೆ.

ಫಲಕದ ಕೆಲಸ ಸಾಮಾನ್ಯ ಮಾರ್ಗ ನಿರ್ಣಯ. ಪೊಲೀಸನ ಕೆಲಸ ನೀತಿ ಆಧಾರಿತ ಮಾರ್ಗ ನಿರ್ಣಯ. ಒಂದು ಮಾತನ್ನು ಗಮನಿಸಬೇಕು: ಅಂಬುಲೆನ್ಸ್ ಮೊದಲು ಎಂಬುದನ್ನು ಆ ಪೊಲೀಸ್ ತಾನೇ ಕಲ್ಪಿಸಿಕೊಂಡದ್ದಲ್ಲ. ಅದು ಸಮಾಜ ಒಪ್ಪಿಕೊಂಡ ನೀತಿ. ಆತ ಅದನ್ನು ಜಾರಿಗೆ ತರುತ್ತಾನೆ ಅಷ್ಟೇ.

ಈ ವಿಚಾರ ಹೊಸದಲ್ಲ. ಅಂತರ್ಜಾಲವು ಇನ್ನೂ ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಸಂಸ್ಥೆಗಳ ನಡುವೆ ಮಾತ್ರ ಇದ್ದ ಕಾಲದಲ್ಲಿ, 1989ರಲ್ಲಿಯೇ, ಇದರ ಬಗ್ಗೆ ಅಮೆರಿಕದಲ್ಲಿ ತಾಂತ್ರಿಕ ಟಿಪ್ಪಣಿಗಳು ಪ್ರಕಟವಾದವು. ಬೇರೆ ಬೇರೆ ಸಂಸ್ಥೆಗಳ ಜಾಲಗಳು ಒಂದಕ್ಕೊಂದು ಕೂಡಿಕೊಂಡಾಗ, ಒಬ್ಬರ ಹಣದಿಂದ ನಡೆಯುವ ತಂತಿಯ ಮೇಲೆ ಯಾರ ಮಾಹಿತಿ ಹೋಗಬಹುದು ಎಂಬ ಪ್ರಶ್ನೆ ಬಂದಿತ್ತು. ಅಂದಿನ ಪ್ರಶ್ನೆಯೂ ಇಂದಿನ ನಮ್ಮ ಪ್ರಶ್ನೆಯೂ ಒಂದೇ ಜಾತಿಯವು.

ನಿಯಮವೆಂದರೆ ಏನು

ಒಂದು ನಿಯಮದಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಭಾಗ ಗುರುತು: ಯಾವ ಪ್ಯಾಕೆಟಿಗೆ ಈ ನಿಯಮ ಅನ್ವಯಿಸುತ್ತದೆ ಎಂಬುದು. ಎರಡನೆಯ ಭಾಗ ಆಜ್ಞೆ: ಅಂತಹ ಪ್ಯಾಕೆಟನ್ನು ಯಾವ ದಾರಿಗೆ ಕಳುಹಿಸಬೇಕು ಎಂಬುದು. ಗುರುತು ಬರೆಯುವ ಪಟ್ಟಿಗೆ ಆಕ್ಸೆಸ್ ಲಿಸ್ಟ್ ಎಂದೂ, ಗುರುತು ಮತ್ತು ಆಜ್ಞೆಗಳನ್ನು ಕೂಡಿಸಿದ ಪಟ್ಟಿಗೆ ರೂಟ್ ಮ್ಯಾಪ್ ಎಂದೂ ತಂತ್ರಜ್ಞರು ಹೇಳುತ್ತಾರೆ. ಪ್ಯಾಕೆಟನ್ನು ಮುಂದೆ ಯಾರ ಕೈಗೆ ಕೊಡಬೇಕೋ ಆ ಪೆಟ್ಟಿಗೆಯ ವಿಳಾಸಕ್ಕೆ ನೆಕ್ಸ್ಟ್ ಹಾಪ್ ಎಂದು ಹೆಸರು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಮೊದಲ ಹೆಜ್ಜೆಯಾಗಿ ಕಟ್ಟಡದ ನಾಲ್ಕು ವಿಭಾಗಗಳಿಗೆ ಬೇರೆ ಬೇರೆ ವಿಳಾಸಗಳ ಓಣಿಗಳನ್ನು ಕೊಡಬೇಕು. ಕಚೇರಿಯ ಒಳಗಿನ ಬಳಕೆಗೆಂದೇ ಬಿಟ್ಟಿರುವ ಖಾಸಗಿ ವಿಳಾಸಗಳಲ್ಲಿ ಹೀಗೆ ಹಂಚಬಹುದು:

ಕಚೇರಿ: 192.168.10ರಿಂದ ಆರಂಭವಾಗುವ ವಿಳಾಸಗಳು.
ಬಾಪೂಜಿ ಸೇವಾ ಕೇಂದ್ರ: 192.168.20ರಿಂದ ಆರಂಭವಾಗುವ ವಿಳಾಸಗಳು.
ಅರಿವು ಕೇಂದ್ರ: 192.168.30ರಿಂದ ಆರಂಭವಾಗುವ ವಿಳಾಸಗಳು.
ಸಾರ್ವಜನಿಕ ವೈ-ಫೈ: 192.168.40ರಿಂದ ಆರಂಭವಾಗುವ ವಿಳಾಸಗಳು.

ಒಂದೇ ಸ್ವಿಚ್ಚಿನೊಳಗೆ ಇಂತಹ ಪ್ರತ್ಯೇಕ ಓಣಿಗಳನ್ನು ಮಾಡುವ ವಿಧಾನಕ್ಕೆ ವಿಎಲ್ಎಎನ್ ಎಂದು ಹೆಸರು. ಓಣಿಗಳು ಬೇರೆಯಾದ ಮೇಲೆ, ಪ್ಯಾಕೆಟಿನ ವಿಳಾಸ ನೋಡಿದರೆ ಅದು ಯಾವ ಕೋಣೆಯಿಂದ ಬಂತು ಎಂದು ತಿಳಿಯುತ್ತದೆ. ಅನಂತರ ನಿಯಮಗಳನ್ನು ಬರೆಯಬಹುದು.

ನಿಯಮ 10: ಕಟ್ಟಡದೊಳಗೇ ಹೋಗುವ ಪ್ಯಾಕೆಟಾದರೆ, ಉದಾಹರಣೆಗೆ ಕಚೇರಿಯ ಗಣಕಯಂತ್ರದಿಂದ ಪಕ್ಕದ ಕೋಣೆಯ ಪ್ರಿಂಟರಿಗೆ, ಅದನ್ನು ಮುಟ್ಟಬೇಡ, ಸಾಮಾನ್ಯ ದಾರಿಯಲ್ಲಿ ಬಿಡು.
ನಿಯಮ 20: ಕಚೇರಿ ಅಥವಾ ಸೇವಾ ಕೇಂದ್ರದಿಂದ ಬಂದದ್ದಾದರೆ ಫೈಬರ್ ದಾರಿಗೆ ಕಳುಹಿಸು. ಫೈಬರ್ ಸತ್ತಿದ್ದರೆ ಎರಡನೆಯ ಸಂಪರ್ಕಕ್ಕೆ ಕಳುಹಿಸು.
ನಿಯಮ 30: ಅರಿವು ಕೇಂದ್ರ ಅಥವಾ ವೈ-ಫೈಯಿಂದ ಬಂದದ್ದಾದರೆ ಎರಡನೆಯ ಸಂಪರ್ಕಕ್ಕೆ ಕಳುಹಿಸು.

ಸಂಖ್ಯೆಗಳನ್ನು 1, 2, 3 ಎನ್ನದೆ 10, 20, 30 ಎಂದು ಬಿಡುವುದಕ್ಕೆ ಕಾರಣವಿದೆ. ನಾಳೆ ಮಧ್ಯೆ ಒಂದು ನಿಯಮ ಸೇರಿಸಬೇಕಾದರೆ 15 ಎಂಬ ಜಾಗ ಖಾಲಿ ಇರುತ್ತದೆ. ಯಂತ್ರವು ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಯಾವುದು ಮೊದಲು ಹೊಂದಿತೋ ಅದನ್ನು ಪಾಲಿಸಿ ಅಲ್ಲಿಗೇ ನಿಲ್ಲಿಸುತ್ತದೆ. ಆದ್ದರಿಂದ ಕ್ರಮ ತಪ್ಪಿದರೆ ಅರ್ಥವೂ ತಪ್ಪುತ್ತದೆ. ನಿಯಮ 10 ಅನ್ನು ಮರೆತರೆ ಪಕ್ಕದ ಕೋಣೆಯ ಪ್ರಿಂಟರಿಗೆ ಹೋಗಬೇಕಾದ ಕಾಗದ ಹೊರಗಿನ ತಂತಿಗೆ ಹೊರಟುಹೋಗುತ್ತದೆ, ಪ್ರಿಂಟ್ ಬರುವುದಿಲ್ಲ. ಹೊಸದಾಗಿ ನಿಯಮ ಹಾಕಿದ ಮರುದಿನ ‘ಪ್ರಿಂಟರ್ ಕೆಟ್ಟಿದೆ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಯಾವ ನಿಯಮಕ್ಕೂ ಹೊಂದದ ಪ್ಯಾಕೆಟ್ ಏನಾಗುತ್ತದೆ? ಅದು ಬಿದ್ದುಹೋಗುವುದಿಲ್ಲ, ಸಾಮಾನ್ಯ ಮಾರ್ಗ ನಿರ್ಣಯಕ್ಕೆ, ಅಂದರೆ ಹಳೆಯ ಫಲಕದ ಬಾಣಕ್ಕೆ ಮರಳುತ್ತದೆ. ಇನ್ನೊಂದು ಮಾತು: ಈ ನಿಯಮಪಟ್ಟಿಯನ್ನು ಕಟ್ಟಬೇಕಾದದ್ದು ಪ್ಯಾಕೆಟ್ ಒಳಬರುವ ಬಾಗಿಲಿಗೆ, ಅಂದರೆ ಕಚೇರಿ, ಸೇವಾ ಕೇಂದ್ರ, ಅರಿವು ಕೇಂದ್ರ, ವೈ-ಫೈ ಈ ಓಣಿಗಳ ಬಾಗಿಲಿಗೆ. ಹೊರಹೋಗುವ ಬಾಗಿಲಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ದಾರಿ ನಿರ್ಧಾರವಾಗಿ ಮುಗಿದಿರುತ್ತದೆ.

ಜಾಲತಾಣ ನೋಡಿ ಬೇಡ, ವಿಭಾಗ ನೋಡಿ

‘ಪಂಚತಂತ್ರದ ಜಾಲತಾಣಕ್ಕೆ ಹೋಗುವುದನ್ನು ಮಾತ್ರ ಫೈಬರಿಗೆ ಬಿಟ್ಟು, ಉಳಿದ ಜಾಲತಾಣಗಳನ್ನೆಲ್ಲ ಬೇರೆ ದಾರಿಗೆ ಕಳುಹಿಸಿದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಇದು ಕೇಳಲು ಸರಳ, ನಡೆಸಲು ಕಷ್ಟ. ಜಾಲತಾಣಗಳ ವಿಳಾಸಗಳು ನಮಗೆ ತಿಳಿಸದೆ ಬದಲಾಗುತ್ತಿರುತ್ತವೆ. ಒಂದು ಪುಟ ತೆರೆಯಲು ಹತ್ತಾರು ವಿಳಾಸಗಳಿಗೆ ಹೋಗಿ ಬರಬೇಕಾಗುತ್ತದೆ. ಒಬ್ಬರೇ ಆಪರೇಟರರ ಕೆಲಸ ಅರ್ಧ ಒಂದು ದಾರಿಯಲ್ಲಿ, ಅರ್ಧ ಇನ್ನೊಂದು ದಾರಿಯಲ್ಲಿ ಹೋದರೆ, ಹಣ ಪಾವತಿಯಂತಹ ಭದ್ರತೆ ಇರುವ ಜಾಲತಾಣಗಳು ‘ಇವರು ಬೇರೆ ಯಾರೋ’ ಎಂದು ಸಂಶಯಪಟ್ಟು ಹೊರಹಾಕಬಹುದು. ಸರ್ಕಾರಿ ಜಾಲದೊಳಗೆ ಮಾತ್ರ ತೆರೆದುಕೊಳ್ಳುವ ತಂತ್ರಾಂಶ ಇದ್ದರೆ ಅದಕ್ಕೆ ಒಂದು ಪ್ರತ್ಯೇಕ ನಿಯಮ ಬರೆಯಲೇಬೇಕು. ಉಳಿದಂತೆ, ಯಾವ ವಿಭಾಗದಿಂದ ಬಂತು ಎಂಬುದನ್ನೇ ಗುರುತಾಗಿ ಇಟ್ಟುಕೊಳ್ಳುವುದು ಲೇಸು. ವಿಭಾಗಗಳು ನಮ್ಮ ಕೈಯಲ್ಲಿವೆ, ಹೊರಗಿನ ವಿಳಾಸಗಳು ನಮ್ಮ ಕೈಯಲ್ಲಿಲ್ಲ.

ಹಸಿರು ದೀಪವನ್ನು ನಂಬಿ ನಾನು ಮಾಡಿದ ತಪ್ಪು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಇಂತಹ ನಿಯಮಗಳನ್ನು ಬರೆದುಕೊಟ್ಟಿದ್ದೆ. ಸಾರ್ವಜನಿಕರ ಅರ್ಜಿಯ ಕೆಲಸವೆಲ್ಲ ಫೈಬರ್ ದಾರಿಗೆ, ಉಳಿದದ್ದು ಬ್ರಾಡ್‌ಬ್ಯಾಂಡಿಗೆ. ಕೆಲಸ ಸರಿಯಾಗಿ ನಡೆಯುತ್ತಿತ್ತು. ಕೆಲವು ತಿಂಗಳ ನಂತರ ರಸ್ತೆ ಕೆಲಸದಲ್ಲಿ ಜೆಸಿಬಿ ತಗುಲಿ ಎಲ್ಲೋ ದೂರದಲ್ಲಿ ಫೈಬರ್ ಕಡಿಯಿತು. ಆ ಕಚೇರಿಯಲ್ಲಿ ಎರಡನೆಯ ಸಂಪರ್ಕ ಜೀವಂತವಾಗಿತ್ತು. ಗ್ರಂಥಾಲಯದಲ್ಲಿ ವಿಡಿಯೋ ಸಲೀಸಾಗಿ ಬರುತ್ತಿತ್ತು. ಅರ್ಜಿಯ ಕೌಂಟರಿನಲ್ಲಿ ಮಾತ್ರ ಏನೂ ತೆರೆಯಲಿಲ್ಲ. ಎರಡು ದಿನ ಜನ ಬಂದು ಕುಳಿತು ಮರಳಿ ಹೋದರು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಅದು ಎರಡು ದಿನದ ಕೂಲಿಯಾಯಿತು.

ಕಾರಣ ಇದು: ಸ್ವಿಚ್ಚಿಗೂ ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆಗೂ ನಡುವೆ ಇದ್ದ ಮೂರು ಅಡಿ ತಂತಿ ಚೆನ್ನಾಗಿಯೇ ಇತ್ತು. ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಆದ್ದರಿಂದ ಸ್ವಿಚ್ ‘ದಾರಿ ತೆರೆದಿದೆ’ ಎಂದೇ ತಿಳಿದು ಪ್ಯಾಕೆಟುಗಳನ್ನೆಲ್ಲ ಆ ಕಡೆಗೇ ಸುರಿಯುತ್ತಿತ್ತು. ಮೂರು ಅಡಿಯಾಚೆ ಸೇತುವೆ ಮುರಿದಿರುವುದು ಅದಕ್ಕೆ ತಿಳಿಯಲಿಲ್ಲ. ‘ಫೈಬರ್ ಸತ್ತರೆ ಇನ್ನೊಂದು ದಾರಿ’ ಎಂದು ನಾನು ಬರೆದಿದ್ದೆ ನಿಜ. ಸತ್ತದ್ದನ್ನು ತಿಳಿಯುವ ಉಪಾಯವನ್ನು ಮಾತ್ರ ಬರೆದಿರಲಿಲ್ಲ. ನಿಯಮವೇ ಇರದಿದ್ದರೆ ಯಾರಾದರೂ ಕೇಬಲ್ ಕಿತ್ತು ಬೇರೆ ಪೆಟ್ಟಿಗೆಗೆ ಹಾಕಿ ಕೆಲಸ ನಡೆಸುತ್ತಿದ್ದರೇನೋ. ನಾನು ಬರೆದ ನಿಯಮವೇ ಅಡ್ಡವಾಗಿ ನಿಂತಿತು. ಆ ನಿಯಮವನ್ನು ಕಾಗದದಲ್ಲಿ ಬರೆದಿಟ್ಟಿರಲಿಲ್ಲವಾದ್ದರಿಂದ ಕಚೇರಿಯಲ್ಲಿ ಯಾರಿಗೂ ಕಾರಣ ಹೊಳೆಯಲಿಲ್ಲ.

ಇದಕ್ಕೆ ಪರಿಹಾರವಿದೆ. ಸ್ವಿಚ್ ಅಥವಾ ರೂಟರ್ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಫೈಬರ್ ದಾರಿಯ ಆಚೆಗಿರುವ ಒಂದು ಸ್ಥಿರ ವಿಳಾಸವನ್ನು ಕೂಗಿ ನೋಡುವಂತೆ ಮಾಡಬೇಕು. ಸತತ ಮೂರು ಸಲ ಉತ್ತರ ಬಾರದಿದ್ದರೆ ದಾರಿ ಸತ್ತಿದೆ ಎಂದು ತಿಳಿದು ಎರಡನೆಯ ಸಂಪರ್ಕಕ್ಕೆ ತಿರುಗಬೇಕು. ಉತ್ತರ ಬರತೊಡಗಿದ ಮೇಲೆ ಮರಳಬೇಕು. ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಕೂಗುವುದು ಗೋಡೆಯ ಮೇಲಿನ ಪೆಟ್ಟಿಗೆಯನ್ನಲ್ಲ, ಅದರಾಚೆಗಿನ ವಿಳಾಸವನ್ನು. ಹಾಗೆಯೇ ಆ ಕೂಗು ಫೈಬರ್ ದಾರಿಯಿಂದ ಮಾತ್ರ ಹೋಗುವಂತೆ ಕಟ್ಟಬೇಕು. ಇಲ್ಲದಿದ್ದರೆ ಅದು ಎರಡನೆಯ ದಾರಿಯಿಂದ ಹೋಗಿ ಉತ್ತರ ತಂದು, ಸತ್ತ ದಾರಿಯನ್ನು ಬದುಕಿದೆ ಎಂದು ಹೇಳಿಬಿಡುತ್ತದೆ.

ನಿಯಮ ಹಾಕಿದ ದಿನವೇ ಪರೀಕ್ಷೆ ನಡೆಯಬೇಕು. ಓಎನ್‌ಟಿಗೆ ಬರುವ ಫೈಬರನ್ನು ತಂತ್ರಜ್ಞರೇ ಜಾಗರೂಕತೆಯಿಂದ ತೆಗೆದು, ಕಚೇರಿಯ ಕೆಲಸ ಒಂದು ನಿಮಿಷದೊಳಗೆ ಎರಡನೆಯ ದಾರಿಗೆ ತಿರುಗಿತೇ ಎಂದು ಸದಸ್ಯರ ಎದುರಿಗೆ ತೋರಿಸಬೇಕು. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವ ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಅಪಾಯ ಮಾಡಬಹುದು. ದಾರಿ ತಿರುಗಿದಾಗ ಆಪರೇಟರ್ ಮತ್ತೆ ಲಾಗಿನ್ ಆಗಬೇಕಾಗಬಹುದು. ಅದು ದೋಷವಲ್ಲ.

ಕೇಂದ್ರ ಸರ್ಕಾರವು 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದ ತಿದ್ದುಪಡಿಗೊಂಡ ಭಾರತ್‌ನೆಟ್ ಕಾರ್ಯಕ್ರಮದಲ್ಲಿ ಪಂಚಾಯತಿಗಳನ್ನು ಉಂಗುರದಂತೆ ಜೋಡಿಸುವ ಉದ್ದೇಶವಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಬರುತ್ತದೆ. ಇದು ಒಳ್ಳೆಯದು. ಆದರೂ ಉಂಗುರದಿಂದ ನಮ್ಮ ಕಟ್ಟಡಕ್ಕೆ ಬರುವ ಕೊನೆಯ ತುಂಡು ಕಡಿದರೆ ಉಂಗುರವೂ ಕಾಪಾಡಲಾರದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಬಂದುದನ್ನು ಇಲ್ಲಿ ಯಾರೂ ಮರೆತಿಲ್ಲ. ಅಂತಹ ದಿನಗಳಲ್ಲಿ ಕಚೇರಿಯ ಸಂಪರ್ಕ ಒಂದು ತಂತಿಯ ಮೇಲೆ ನಿಲ್ಲಬಾರದು.

ಉಪಕರಣದ ಬಗ್ಗೆ ತಿಳಿದಿರಬೇಕಾದದ್ದು

ಒಂದು, ಎಲ್ಲ ಸ್ವಿಚ್ಚುಗಳೂ ಈ ಕೆಲಸ ಮಾಡುವುದಿಲ್ಲ. ಕಡಿಮೆ ಬೆಲೆಯ ಸಾಮಾನ್ಯ ಸ್ವಿಚ್ ತಂತಿಗಳನ್ನು ಕೂಡಿಸುತ್ತದೆಯೇ ಹೊರತು ದಾರಿಯನ್ನು ನಿರ್ಧರಿಸಲಾರದು. ದಾರಿ ನಿರ್ಧರಿಸಬಲ್ಲದ್ದು ಲೇಯರ್-3 ಸ್ವಿಚ್ ಅಥವಾ ರೂಟರ್. ಒಂದು ಗ್ರಾಮ ಪಂಚಾಯತಿಗೆ ಎರಡು ಸಂಪರ್ಕಗಳನ್ನು ಹಿಡಿಯಬಲ್ಲ ಸಣ್ಣ ರೂಟರ್ ಸಾಕು. ಲೇಯರ್-3 ಸ್ವಿಚ್ ಬೇಕಾಗುವುದು ತಾಲೂಕು ಮತ್ತು ಜಿಲ್ಲಾ ಮಟ್ಟದ ದೊಡ್ಡ ಕಚೇರಿಗಳಿಗೆ. ದರಪಟ್ಟಿ ತಂದವರು ದೊಡ್ಡ ಯಂತ್ರ ತೋರಿಸಿದರೆ, ‘ಇದು ನಮಗೆ ಏಕೆ ಬೇಕು?’ ಎಂದು ಕೇಳುವ ಹಕ್ಕು ತಮಗಿದೆ.

ಎರಡು, ಲೇಯರ್-3 ಸ್ವಿಚ್ಚುಗಳಲ್ಲಿಯೂ ಮಾದರಿಗೆ ತಕ್ಕ ಮಿತಿಗಳಿವೆ. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ 3750ರಂತಹ ಹಳೆಯ ಮಾದರಿಗಳಲ್ಲಿ ಮೊದಲು ಯಂತ್ರದ ಒಳಗಿನ ಸ್ಮರಣೆಯ ಹಂಚಿಕೆಯನ್ನು ಮಾರ್ಗ ನಿರ್ಣಯಕ್ಕೆ ಅನುಕೂಲವಾಗುವಂತೆ ಬದಲಿಸಿ, ಯಂತ್ರವನ್ನು ಮರು ಆರಂಭಿಸಬೇಕು. ಆ ಹೊತ್ತಿನಲ್ಲಿ ಎಲ್ಲ ಸಂಪರ್ಕವೂ ನಿಲ್ಲುತ್ತದೆ. ಆದ್ದರಿಂದ ಅದನ್ನು ಕಚೇರಿ ವೇಳೆಯ ಹೊರಗೆ ಮಾಡಿಸಬೇಕು. ನಿಯಮ 10ರಂತಹ ‘ಮುಟ್ಟದೆ ಬಿಡು’ ಎಂಬ ಆಜ್ಞೆಯನ್ನು ಕೆಲವು ಮಾದರಿಗಳು ಒಪ್ಪುವುದಿಲ್ಲ. ಅಂತಹ ಕಡೆ ಬೇರೆ ರೀತಿ ಬರೆಯಬೇಕಾಗುತ್ತದೆ. ಕೊಳ್ಳುವ ಮೊದಲೇ ಕೈಪಿಡಿ ನೋಡಿಸಬೇಕು.

ಮೂರು, ಹೋದ ಪ್ಯಾಕೆಟಿಗೆ ಉತ್ತರ ಮರಳಿ ಬರಬೇಕು. ನಮ್ಮ ಸ್ವಿಚ್ ಅರಿವು ಕೇಂದ್ರದ ಪ್ಯಾಕೆಟನ್ನು ಬ್ರಾಡ್‌ಬ್ಯಾಂಡ್ ಪೆಟ್ಟಿಗೆಗೆ ಕೊಟ್ಟರೆ ಸಾಲದು. ಆ ಪೆಟ್ಟಿಗೆಗೂ ‘192.168.30 ಎಂಬ ಓಣಿ ಈ ಸ್ವಿಚ್ಚಿನ ಹಿಂದಿದೆ’ ಎಂದು ಹೇಳಿಕೊಡಬೇಕು. ಇಲ್ಲದಿದ್ದರೆ ಪತ್ರ ಹೋಗುತ್ತದೆ, ಉತ್ತರ ಬಾಗಿಲಲ್ಲೇ ನಿಲ್ಲುತ್ತದೆ.

ನಾಲ್ಕು, ಬರೆದ ನಿಯಮಗಳನ್ನು ಯಂತ್ರದ ಸ್ಥಿರ ಸ್ಮರಣೆಯಲ್ಲಿ ಉಳಿಸಬೇಕು. ಇದನ್ನು ಮರೆತರೆ ಕರೆಂಟ್ ಹೋಗಿ ಬಂದೊಡನೆ ನಿಯಮಗಳೆಲ್ಲ ಅಳಿಸಿಹೋಗುತ್ತವೆ. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ತಂತ್ರಜ್ಞರು ಹೊರಡುವ ಮೊದಲು ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ ತೋರಿಸಲಿ.

ಐದು, ಈ ವಿಧಾನ ಏನು ಮಾಡಲಾರದು ಎಂಬುದನ್ನೂ ತಿಳಿದಿರಬೇಕು. ಇದು ತಂತಿಯ ವೇಗವನ್ನು ಹೆಚ್ಚಿಸುವುದಿಲ್ಲ. ಮಾಹಿತಿಯನ್ನು ಕಳ್ಳರಿಂದ ಕಾಪಾಡುವುದಿಲ್ಲ. ಅದಕ್ಕೆ ಬೇರೆ ಕ್ರಮಗಳಿವೆ. ಇರುವ ಎರಡು ದಾರಿಗಳ ಮೇಲೆ ಭಾರವನ್ನು ವಿವೇಕದಿಂದ ಹಂಚುತ್ತದೆ, ಅಷ್ಟೇ.

ಸದಸ್ಯರು ನಿರ್ಧರಿಸಬೇಕಾದದ್ದು

ಈಗ ಮೊದಲಿನ ಮಾತಿಗೆ ಮರಳುತ್ತೇನೆ. ಮೇಲಿನ ಉದಾಹರಣೆಯಲ್ಲಿ ಒಂದು ಪ್ರಶ್ನೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಎರಡನೆಯ ಸಂಪರ್ಕ ಸತ್ತರೆ ಅರಿವು ಕೇಂದ್ರದ ಮಕ್ಕಳಿಗೆ ಫೈಬರ್ ದಾರಿ ಕೊಡಬೇಕೇ, ಬೇಡವೇ? ಕೊಟ್ಟರೆ ಅಂದು ಕಚೇರಿಯ ಕೆಲಸ ನಿಧಾನವಾಗಬಹುದು. ಕೊಡದಿದ್ದರೆ ಪರೀಕ್ಷೆ ಹತ್ತಿರವಿರುವ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ಮನೆಗೆ ಹೋಗಬಹುದು. ಇದಕ್ಕೆ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ. ಊರನ್ನು ಬಲ್ಲವರು ಮಾತ್ರ ಉತ್ತರಿಸಬಲ್ಲರು. ಸಂಜೆ ಕಚೇರಿ ಮುಗಿದ ಮೇಲೆ ಫೈಬರನ್ನು ಅರಿವು ಕೇಂದ್ರಕ್ಕೆ ಪೂರ್ತಿಯಾಗಿ ಬಿಟ್ಟುಕೊಡಬಹುದು. ನಿಯಮಗಳಿಗೆ ಗಂಟೆಯನ್ನೂ ಕಟ್ಟಲು ಬರುವ ಯಂತ್ರಗಳಿವೆ. ವೈ-ಫೈಯನ್ನು ಅಂತಹ ಹೊತ್ತಿನಲ್ಲಿ ನಿಲ್ಲಿಸಿ, ಓದುವವರಿಗೆ ಮಾತ್ರ ದಾರಿ ಬಿಡಬಹುದು. ತಮ್ಮ ಸಭೆ ಇದನ್ನು ತೀರ್ಮಾನಿಸಲಿ.

ಒಂದು ಮಿತಿಯನ್ನು ಮಾತ್ರ ಮೀರಬಾರದು. ನಿಯಮವು ಕೆಲಸವನ್ನು ನೋಡಿ ಇರಬೇಕು, ವ್ಯಕ್ತಿಯನ್ನು ನೋಡಿ ಅಲ್ಲ. ‘ಈ ಕೋಣೆಗೆ ಈ ದಾರಿ’ ಎಂದು ಬರೆಯಬಹುದು. ‘ಇಂಥವರ ಮೊಬೈಲಿಗೆ ನಿಧಾನದ ದಾರಿ, ಇಂಥವರ ಮನೆಗೆ ವೇಗದ ದಾರಿ’ ಎಂದು ಬರೆಯಲು ಯಂತ್ರಕ್ಕೆ ಅಡ್ಡಿಯಿಲ್ಲ, ನಮ್ಮ ಮನಸ್ಸಾಕ್ಷಿಗೆ ಅಡ್ಡಿಯಿರಬೇಕು. ಯಂತ್ರದೊಳಗಿನ ನಿಯಮ ಕಣ್ಣಿಗೆ ಕಾಣುವುದಿಲ್ಲ. ಕಾಣದ ನಿಯಮ ಅನ್ಯಾಯಕ್ಕೆ ಸುಲಭದ ಜಾಗ. ಅದನ್ನು ತಡೆಯುವ ಉಪಾಯ ಒಂದೇ: ನಿಯಮವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಬರೆದು ಸಭೆಯಲ್ಲಿ ಓದಿ ನಡವಳಿಯಲ್ಲಿ ಸೇರಿಸುವುದು.

ತಮ್ಮ ಅನುಕೂಲಕ್ಕಾಗಿ ಠರಾವಿನ ಒಂದು ಕರಡನ್ನು ಇಲ್ಲಿ ಕೊಡುತ್ತೇನೆ. ತಮ್ಮ ಊರಿನ ಸ್ಥಿತಿಗೆ ತಕ್ಕಂತೆ ಇದನ್ನು ಬದಲಿಸಿಕೊಳ್ಳಬಹುದು.

‘ಗ್ರಾಮ ಪಂಚಾಯತಿ ಕಟ್ಟಡದ ಅಂತರ್ಜಾಲ ಸಂಪರ್ಕಗಳ ಬಳಕೆಯ ಬಗ್ಗೆ ಸಭೆಯಲ್ಲಿ ಚರ್ಚಿಸಿ ಈ ಕೆಳಗಿನಂತೆ ಠರಾಯಿಸಲಾಯಿತು.

1. ಕಚೇರಿ ಮತ್ತು ಬಾಪೂಜಿ ಸೇವಾ ಕೇಂದ್ರದ ಕೆಲಸಗಳಿಗೆ ಫೈಬರ್ ಸಂಪರ್ಕವನ್ನು ಮೊದಲ ದಾರಿಯಾಗಿಯೂ, ಎರಡನೆಯ ಸಂಪರ್ಕವನ್ನು ಬದಲಿ ದಾರಿಯಾಗಿಯೂ ಬಳಸತಕ್ಕದ್ದು.
2. ಅರಿವು ಕೇಂದ್ರಕ್ಕೆ ಕಚೇರಿ ವೇಳೆಯಲ್ಲಿ ಎರಡನೆಯ ಸಂಪರ್ಕವನ್ನು, ಕಚೇರಿ ವೇಳೆಯ ನಂತರ ಫೈಬರ್ ಸಂಪರ್ಕವನ್ನು ಒದಗಿಸತಕ್ಕದ್ದು.
3. ಸಾರ್ವಜನಿಕ ವೈ-ಫೈಗೆ ಎರಡನೆಯ ಸಂಪರ್ಕವನ್ನು ಮಾತ್ರ ಬಳಸತಕ್ಕದ್ದು. ಫೈಬರ್ ಕಡಿದ ವೇಳೆಯಲ್ಲಿ ವೈ-ಫೈ ನಿಲ್ಲಿಸತಕ್ಕದ್ದು.
4. ದಾರಿ ಬದುಕಿದೆಯೇ ಎಂಬುದನ್ನು ಯಂತ್ರವೇ ಪರೀಕ್ಷಿಸುವ ವ್ಯವಸ್ಥೆ ಇರತಕ್ಕದ್ದು. ಅದನ್ನು ಅಳವಡಿಸಿದ ದಿನ ಸದಸ್ಯರ ಸಮ್ಮುಖದಲ್ಲಿ ಪರೀಕ್ಷಿಸಿ ತೋರಿಸತಕ್ಕದ್ದು.
5. ಯಂತ್ರದಲ್ಲಿರುವ ನಿಯಮಗಳ ಪ್ರತಿ ಮತ್ತು ಅವುಗಳ ಕನ್ನಡ ವಿವರಣೆಯನ್ನು ಕಡತದಲ್ಲಿ ಇಡತಕ್ಕದ್ದು. ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ವಶದಲ್ಲಿ ಇಡತಕ್ಕದ್ದು.
6. ಸಭೆಯ ಒಪ್ಪಿಗೆ ಇಲ್ಲದೆ ನಿಯಮಗಳನ್ನು ಬದಲಿಸತಕ್ಕದ್ದಲ್ಲ. ತುರ್ತು ಸಂದರ್ಭದಲ್ಲಿ ಬದಲಿಸಿದ್ದರೆ ಮುಂದಿನ ಸಭೆಯಲ್ಲಿ ಕಾರಣ ಸಹಿತ ಮಂಡಿಸತಕ್ಕದ್ದು.’

ಇದರಲ್ಲಿ ಐದನೆಯ ಅಂಶವನ್ನು ಯಾವ ಕಾರಣಕ್ಕೂ ಬಿಡಬೇಡಿ ಎಂದು ವಿನಂತಿಸುತ್ತೇನೆ. ನಾನು ಆಗಲೇ ಹೇಳಿದ ಆ ಎರಡು ದಿನಗಳಲ್ಲಿ ಕಡತದಲ್ಲಿ ಒಂದು ಹಾಳೆ ಇದ್ದಿದ್ದರೆ, ಯಾರಾದರೂ ಅದನ್ನು ಓದಿ ನನಗೆ ಫೋನ್ ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಕೌಂಟರ್ ತೆರೆಯುತ್ತಿತ್ತು.

ಬಂಧುಗಳೇ, ಭೀಮಾ ನದಿಯ ನೀರು ಯಾರ ಹೊಲಕ್ಕೆ ಯಾವ ಹೊತ್ತಿನಲ್ಲಿ ಹರಿಯಬೇಕು ಎಂಬುದನ್ನು ಮೋಟಾರಿನ ಗುಂಡಿಗೆ ಬಿಟ್ಟುಕೊಡುವವರು ನಾವಲ್ಲ. ಕುಳಿತು ಮಾತಾಡಿ, ಸರದಿ ಗೊತ್ತುಮಾಡುತ್ತೇವೆ. ಅಂತರ್ಜಾಲವೂ ಈಗ ಹಾಗೆ ಹಂಚಿಕೊಳ್ಳಬೇಕಾದ ವಸ್ತು. ಅದರ ಸರದಿಯನ್ನೂ ತಾವೇ ಗೊತ್ತುಮಾಡಬೇಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಸಭೆಗೆ ಮೊದಲು ತಮ್ಮ ಕಚೇರಿಗೆ ಎಷ್ಟು ಸಂಪರ್ಕಗಳಿವೆ, ಯಾವುದನ್ನು ಯಾರು ಬಳಸುತ್ತಿದ್ದಾರೆ, ಒಂದು ಕಡಿದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅಭಿವೃದ್ಧಿ ಅಧಿಕಾರಿಗಳಲ್ಲಿ ಕೇಳಿ ತಿಳಿದುಕೊಳ್ಳಿ ಎಂದು ಕೋರುತ್ತೇನೆ.